ಸೋಮವಾರದ ಪರವಾನಗಿ

ಖಾನಾಪುರದಲ್ಲಿ ನಮ್ಮ ಮನೆಯ ಹಿಂದೆ ಊರಿಗೆಲ್ಲ ಸೇರಿದ ಗಾಯರಾಣ ಇತ್ತು. ದನ ಮೇಯುತ್ತಿದ್ದವು, ನಾವು ಒಣಕಡ್ಡಿ ಆರಿಸುತ್ತಿದ್ದೆವು, ನಡುವೆ ಒಂದು ಬಿಲ್ವದ ಮರ. ಲಿಂಗಪೂಜೆಯಲ್ಲಿ ಅದರ ಪತ್ರಿ ಏರಿಸದೆ ನನ್ನ ಅತ್ತೆ ಹನಿ ನೀರು ಮುಟ್ಟುತ್ತಿರಲಿಲ್ಲ. ಹಸಿ ಟೊಂಗೆ ಮುರಿಯಬಾರದು, ಸೋಮವಾರ ಮರಕ್ಕೆ ಕೈ ಹಚ್ಚಬಾರದು, ಆ ದಿನದ ಪತ್ರಿ ಭಾನುವಾರವೇ ತರಬೇಕು. ಮದುವೆಯಾಗಿ ಬಂದ ವಾರವೇ ಇದನ್ನು ಕಲಿತೆ. ಬೋರ್ಡು ಬರೆಸದೆಯೇ ಮರ ಉಳಿದಿತ್ತು.

ಎಪ್ಪತ್ತರ ದಶಕದ ಕೊನೆಗೆ ಸರಕಾರದವರು ಕಾಡು ಉಳಿಸಲು ಬಂದರು. ಉಳಿಸುವುದೆಂದರೆ ಗಾಯರಾಣಕ್ಕೆ ತಂತಿ ಬೇಲಿ ಹಾಕಿ, ಮೇಕೆಯೂ ಮೂಸದ ನೀಲಗಿರಿ ನೆಟ್ಟು, ‘ಪ್ರವೇಶವಿಲ್ಲ’ ಎಂದು ಬರೆಯುವುದು.

ಅತ್ತೆಯನ್ನು ಕರೆದುಕೊಂಡು ಬಸ್ಸಿನಲ್ಲಿ ಬೆಳಗಾವಿಯ ಅರಣ್ಯ ಕಚೇರಿಗೆ ಹೋದೆ. ಸಾಹೇಬರ ಮೇಜು ಸಾಗವಾನಿಯದು, ನಮ್ಮ ಮಂಚಕ್ಕಿಂತ ದೊಡ್ಡದು. ಅದರ ಮೇಲೆ ಮೊಳಕೈ ಊರಿ, ನಮ್ಮಂಥ ಹೆಂಗಸರಿಂದಲೇ ಕಾಡು ಹಾಳಾಗುತ್ತದೆಂದು ಬುದ್ಧಿ ಹೇಳಿದರು. ಆಮೇಲೆ ದೊಡ್ಡ ಮನಸ್ಸು ಮಾಡಿದರು.

“ವಾರಕ್ಕೊಮ್ಮೆ ಎರಡ ತಾಸು ಒಳಗ ಬಿಡಸ್ತೀನಿ. ಸೋಮವಾರ. ಶಿವನ ವಾರ ನೋಡ್ರಿ, ನಿಮಗೂ ಛಲೋ.”

“ಸೋಮವಾರ ಆ ಗಿಡಾ ಮುಟ್ಟೂದಿಲ್ರೀ ಸಾಹೇಬ್ರ,” ಎಂದರು ಅತ್ತೆ. “ಐತವಾರ ಕೊಡ್ರಿ.”

“ಐತವಾರ ಸೂಟಿ ಇರತೈತಿ ಅಜ್ಜಿ.”

“ನಿಮಗ ಸೂಟಿರೀ. ಗಿಡಕ್ಕೂ ಸೂಟಿ ಏನ್ರಿ?”

ಗುಮಾಸ್ತ ನಗು ನುಂಗಿದ. ಸಾಹೇಬರು ಸೋಮವಾರವೆಂದೇ ಟೈಪು ಮಾಡಿಸಿ ಸಿಕ್ಕೆ ಒತ್ತಿಸಿದರು.

ಪ್ರತಿ ಸೋಮವಾರ ಗಾರ್ಡು ಗೇಟು ತೆಗೆದು ನಿಲ್ಲುತ್ತಿದ್ದ. ನಾವು ಯಾರೂ ಹೋಗುತ್ತಿರಲಿಲ್ಲ. ಮನೆಯಲ್ಲಿ ಉಳಿದಿದ್ದ ಪತ್ರಿಯನ್ನೇ ಅತ್ತೆ ದಿನಾ ತೊಳೆದು ಏರಿಸುತ್ತಿದ್ದರು. “ತೊಳದ್ರ ಪತ್ರಿ ಮತ್ತ ಹೊಸಾದಽ ತಂಗಿ,” ಎಂದು ನನಗೆ ಹೇಳುತ್ತಿದ್ದರು. ತೊಳೆದೂ ತೊಳೆದೂ ಎಲೆ ಬಲೆಯಂತಾಯಿತು. ಕೊನೆಯದು ಒಂದು ಭಾನುವಾರ ಬೆಳಿಗ್ಗೆ ಪೂಜೆ ಮುಗಿಸುವಾಗ ಬೆರಳಲ್ಲೇ ಹರಿಯಿತು. ಅದೇ ವಾರ ಸಾಹೇಬರ ಕಾಗದ ಬಂದಿತ್ತು: ಜನರಿಗೆ ಅಗತ್ಯ ಕಂಡುಬರದ ಕಾರಣ ಪರವಾನಗಿ ರದ್ದು. ಓದಿದವರ ತಲೆ ಕೆಲಸ ಮಾಡುವ ರೀತಿಯೇ ಬೇರೆ.

ಆ ಭಾನುವಾರ ಮಧ್ಯಾಹ್ನ ಗಾರ್ಡು ಬೇಲಿಯ ಆಚೆಯಿಂದ ಅತ್ತೆಯನ್ನು ಕೂಗಿದ. ಖಾನಾಪುರದ ಮರಾಠಿ ಮಾತಿನವನು. ಕೈಯಲ್ಲಿ ಒಂದು ಹಿಡಿ ಹಸಿ ಪತ್ರಿ.

“ಘ್ಯಾ ಮಾವಶಿ, ತಗೋರಿ. ನೀವು ಒಳಗ ಬರಬಾರದಂತ ಬರದಾರ. ಎಲಿ ಹೊರಗ ಹೋಗಬಾರದಂತ ಬರದಿಲ್ಲ.”

ಮರುದಿನ ಅತ್ತೆ ಪೂಜೆ ಮುಗಿಸಿ ತಂಬಿಗೆ ಎತ್ತಿ ನೀರು ಕುಡಿದರು. ಶಿವ ದೊಡ್ಡವನು. ಸಾಹೇಬರಿಗೆ ಕೊಡದ ಬುದ್ಧಿಯನ್ನು ಅವರ ಗಾರ್ಡಿಗಾದರೂ ಕೊಟ್ಟಿದ್ದ.