ಮೊಳೆ ಹೊಡೆದು ಬಿಟ್ಟು ಬಂದ ಬಸ್ಸು

ಸಿಡ್ನಿಯಿಂದ ಮೆಲ್ಬರ್ನಿಗೆ ನಾವು ಹೋಗುವುದಕ್ಕೆ ಮಾತ್ರ ಟಿಕೆಟ್ ತೆಗೆದುಕೊಂಡಿದ್ದೆವು. ಬರುವಾಗ ನಮ್ಮದೇ ಬಸ್ಸಿನಲ್ಲಿ ಬರುತ್ತೇವೆಂಬ ಜಂಬ. ತೊಂಬತ್ತೊಂದರ ಡಿಸೆಂಬರ್, ಗುರುವಾರ ಬೆಳಿಗ್ಗೆ ಏಳಕ್ಕೆ ಕೋಚ್ ಬಸ್ಸು ಹೊರಟಿತು. ನಾನು, ಹೆಂಡತಿ ವತ್ಸಲಾ, ಒಂಬತ್ತು ವರ್ಷದ ಮಗಳು ಮೀರಾ. ಜೊತೆಗೆ ಐಸ್‌ಕ್ರೀಮ್ ಡಬ್ಬಿ ತುಂಬ ಪುಳಿಯೋಗರೆ.

ಹಳೆಯ ಸ್ಕೂಲ್ ಬಸ್ಸು ಕೊಂಡು ಅದನ್ನೇ ಮನೆ ಮಾಡಿಕೊಳ್ಳುವ ಯೋಚನೆ ಹುಟ್ಟಿದ್ದು ಹುಮ್ಮಸ್ಸಿನಿಂದಲ್ಲ. ಕಾರ್ಖಾನೆ ಮುಚ್ಚಿ ನನ್ನ ಕೆಲಸ ಹೋಯಿತು, ಸಾಲದ ಕಂತು ಕಟ್ಟಲಾಗದೆ ಅದರ ಹಿಂದೆಯೇ ನಮ್ಮ ಸ್ವಂತ ಮನೆಯೂ ಹೋಯಿತು. ಸಿಡ್ನಿಯ ಟೂಂಗ್ಯಾಬಿಯಲ್ಲಿ ಬಾಡಿಗೆಗೆ ಹಿಡಿದ ಮನೆಯನ್ನು ಈಗ ಅದರ ಮಾಲೀಕ ಮಾರುತ್ತಿದ್ದ; ತಿಂಗಳ ಕೊನೆಗೆ ಖಾಲಿ ಮಾಡಬೇಕಿತ್ತು. ಆ ಮನೆಯ ಗೋಡೆಗೆ ಮೊಳೆ ಹೊಡೆಯಬಾರದೆಂದು ಕರಾರಿನಲ್ಲೇ ಬರೆದಿತ್ತು. ವತ್ಸಲಾ ಮೈಸೂರಿನಿಂದ ತಂದಿದ್ದ ಚಾಮುಂಡೇಶ್ವರಿಯ ಪಟ ಎರಡು ವರ್ಷದಿಂದ ಸೂಟ್‌ಕೇಸಿನಲ್ಲೇ ಇತ್ತು. "ನಂಗೆ ಅರಮನೆ ಬೇಡ ರೀ, ಮೊಳೆ ಹೊಡೆಯೋಕೆ ಒಂದು ಗೋಡೆ ಸಾಕು" ಎಂದು ಅವಳು ಪರ್ಸಿನಲ್ಲಿ ಒಂದು ಮೊಳೆ ಹಾಕಿಕೊಂಡೇ ಹೊರಟಿದ್ದಳು.

ಸುಮಾರು ಒಂಬೈನೂರು ಕಿಲೋಮೀಟರ್, ಹದಿಮೂರು ಗಂಟೆ. ಯಾಸ್ ದಾಟಿದ ಮೇಲೆ ಎರಡೂ ಕಡೆ ಒಣಗಿದ ಹುಲ್ಲು, ಕಣ್ಣು ಕುಕ್ಕುವ ಬಿಸಿಲು. ಗಂಡಗೈನಲ್ಲಿ ಕೊಂಡ ಚಹಾ ಕಲಗಚ್ಚಿನಂತಿತ್ತು. ಮೆಲ್ಬರ್ನಿನಲ್ಲಿ ಇಳಿದಾಗ ಚಳಿಗಾಳಿ. ಡ್ಯಾಂಡಿನಾಂಗಿನ ಮೋಟೆಲ್ ಒಂದರಲ್ಲಿ ಮಲಗಿ, ಶುಕ್ರವಾರ ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಕ್ಲೈಡ್ ನಾರ್ತಿಗೆ ಹೋದೆವು. ಆಗ ಅಲ್ಲಿ ಇದ್ದದ್ದು ದನ ಮೇಯುವ ಬಯಲು, ಮಧ್ಯೆ ತಂತಿಬೇಲಿಯೊಳಗೆ ಹತ್ತು ಹನ್ನೆರಡು ಹಳೆಯ ಬಸ್ಸುಗಳು. ಮಾರುವವನು, ಪೇಪರಿನಲ್ಲಿ ಜಾಹೀರಾತು ಕೊಟ್ಟಿದ್ದ ಕೆನ್ ಎಂಬ ಮುದುಕ.

ನಾನು ಮೆಕ್ಯಾನಿಕಲ್ ಇಂಜಿನಿಯರ್. ಒಂದೊಂದು ಬಸ್ಸಿನಡಿಯೂ ತೂರಿ ತುಕ್ಕು ಕೆರೆದು ನೋಡಿದೆ. ಹೆಚ್ಚಿನವು ಮಕ್ಕಳ ಅಳತೆಯವು. ಒಳಗೆ ನಿಂತರೆ ನನ್ನ ತಲೆ ಸೂರಿಗೆ ತಾಗುತ್ತಿತ್ತು. ಎತ್ತರದವು ಎರಡೇ ಇದ್ದವು; ಅವುಗಳಲ್ಲಿ ಕೆನೆ ಬಣ್ಣದ್ದರ ಅಡಿಭಾಗ ಮಾತ್ರ ಗಟ್ಟಿಯಾಗಿತ್ತು. ಯಾರೋ ಸೀಟು ಕಿತ್ತು, ಒಳಗೋಡೆಗೆಲ್ಲ ಪ್ಲೈವುಡ್ ಹೊಡೆಸಿದ್ದರು. ವತ್ಸಲಾ ಪ್ಲೈವುಡ್ಡನ್ನು ಬೆರಳಿನಿಂದ ತಟ್ಟಿ ನೋಡಿ, ಪರ್ಸಿನಿಂದ ಮೊಳೆ ತೆಗೆದು ಕೆನ್‌ನ ಮುಖ ನೋಡಿದಳು. ಅವನು ನಗುತ್ತಾ ತನ್ನ ಸುತ್ತಿಗೆಯನ್ನೇ ಕೊಟ್ಟ. ಕಿಟಕಿಯ ಪಕ್ಕ ನಾಲ್ಕೇಟಿಗೆ ಮೊಳೆ ಕೂತಿತು. ಅಷ್ಟು ನಗುಮುಖ ನಾನು ಎರಡು ವರ್ಷದಿಂದ ನೋಡಿರಲಿಲ್ಲ.

ಗಡಿಯಾರ ಹತ್ತು ನಲವತ್ತು ತೋರಿಸುತ್ತಿತ್ತು. "ಇನ್ನೊಂದು ಜೋಡಿ ಇದನ್ನ ನೋಡೋಕೆ ಬರ್ತಾ ಇದೆ ಮೇಟ್. ಈಗಲೇ ಅಡ್ವಾನ್ಸ್ ಕೊಟ್ಟರೆ ನಿನ್ನದು" ಎಂದ ಕೆನ್.

ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಹಿಂದಿನ ಮನೆಯ ಪತ್ರಕ್ಕೆ ರಾಹುಕಾಲದಲ್ಲಿ ಸಹಿ ಹಾಕಿದ್ದಕ್ಕೇ ಅದು ಕೈಬಿಟ್ಟಿತೆಂದು ಅಮ್ಮ ಮೈಸೂರಿನಿಂದ ಬರೆದಿದ್ದರು. ಆ ಕಾಗದ ಓದಿ ನಕ್ಕಿದ್ದವನು ನಾನೇ. ಆದರೆ ಎರಡು ಸಲ ಮನೆ ಕಳೆದುಕೊಂಡವನ ನಗು ಎಷ್ಟು ದಿನ ನಿಂತೀತು?

"ರೀ, ಕೊಟ್ಬಿಡ್ರೀ. ಇಂಥದ್ದು ಇನ್ನೊಂದು ಸಿಗಲ್ಲ" ಎಂದಳು ವತ್ಸಲಾ.

"ರಾಹುಕಾಲ ಕಣೇ. ಹನ್ನೆರಡಾಗ್ಲಿ."

ಕೆನ್‌ಗೆ ರಾಹುವಿನ ವಿಷಯ ಹೇಳಲು ನಾಚಿಕೆಯಾಗಿ, ಯೋಚನೆ ಮಾಡಬೇಕು ಎಂದೆ. ನೀಲಗಿರಿ ಮರದ ಕೆಳಗೆ ಕೂತು ಪುಳಿಯೋಗರೆ ಬಿಚ್ಚಿದೆವು. ಹನ್ನೊಂದೂಕಾಲಿಗೆ ಆ ಜೋಡಿ ಬಂತು, ಬಸ್ಸು ಹತ್ತಿತು, ಇಳಿಯಿತು. ಐದೇ ನಿಮಿಷದಲ್ಲಿ ಕೆನ್ ಗಾಜಿನ ಮೇಲೆ ಮಾರಾಟವಾಯಿತೆಂಬ ಕೆಂಪು ಚೀಟಿ ಅಂಟಿಸಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ವತ್ಸಲಾ ತುತ್ತನ್ನು ಡಬ್ಬಿಗೇ ಹಾಕಿ ಮುಚ್ಚಳ ಒತ್ತಿದಳು.

ನನ್ನ ತಲೆ ತಾಗದ ಬಸ್ಸು ಅಲ್ಲಿ ಇನ್ನೊಂದೇ ಇತ್ತು. ಒಳಗೋಡೆಯೆಲ್ಲ ಬರೀ ತಗಡು, ಮೆಟ್ಟಿಲಿನ ಬಳಿ ತುಕ್ಕು, ಸೀಟಿನಡಿ ಮಕ್ಕಳು ಅಂಟಿಸಿದ ಚೂಯಿಂಗ್ ಗಮ್. ಬರಿಗೈಯಲ್ಲಿ ವಾಪಸಾದರೆ ತಿಂಗಳ ಕೊನೆಗೆ ಬೀದಿಯೇ ಗತಿ. ಹನ್ನೆರಡು ಹೊಡೆದು ಐದು ನಿಮಿಷಕ್ಕೆ, ಶುಭ ಮುಹೂರ್ತದಲ್ಲಿ, ಅದನ್ನು ಕೊಂಡೆ. ಗೇಟು ದಾಟುವಾಗ ಕನ್ನಡಿಯಲ್ಲಿ ನೋಡಿದರೆ, ಕೆನೆ ಬಣ್ಣದ ಬಸ್ಸಿನ ಕಿಟಕಿಯೊಳಗೆ ಆ ಜೋಡಿಯ ಹೆಂಗಸು ತನ್ನ ಟೋಪಿಯನ್ನು ವತ್ಸಲಾಳ ಮೊಳೆಗೆ ನೇತುಹಾಕುತ್ತಿದ್ದಳು. ವತ್ಸಲಾ ಕೂಡ ತಿರುಗಿ ನೋಡುತ್ತಿದ್ದಳು.

ಸೀಮೋರ್ ದಾಟಿದ ಮೇಲೆ ಮೀರಾ, ಅಷ್ಟು ಹೊತ್ತು ಯಾಕೆ ಕಾದದ್ದು ಎಂದು ಕೇಳಿದಳು. ರಾಹುಕಾಲವೆಂದರೆ ಸೂರ್ಯ ಹುಟ್ಟಿದ ಹೊತ್ತಿನಿಂದ ಲೆಕ್ಕ ಹಾಕುವ ಕೆಟ್ಟ ಗಳಿಗೆ ಎಂದು ವಿವರಿಸಿದೆ. ಅವಳು ಸ್ವಲ್ಪ ಯೋಚಿಸಿ ಹೇಳಿದಳು: "ಬಟ್ ಅಪ್ಪಾ, ಇಟ್ಸ್ ಡೇಲೈಟ್ ಸೇವಿಂಗ್. ದ ಸನ್ ಡಸಂಟ್ ನೋ."

ಬೇಸಿಗೆಯಲ್ಲಿ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ. ಅಂದರೆ ಸೂರ್ಯನ ಲೆಕ್ಕಕ್ಕೆ ರಾಹುಕಾಲ ಶುರುವಾಗುವುದೇ ಹನ್ನೊಂದೂವರೆಗೆ. ಆ ಜೋಡಿ ಒಳ್ಳೆಯ ಗಳಿಗೆಯಲ್ಲಿ ಒಳ್ಳೆಯ ಬಸ್ಸು ಕೊಂಡಿತ್ತು. ನಾನು ಕಾದು ಕಾದು, ರಾಹುಕಾಲದ ನಟ್ಟನಡುವೆ ತಗಡು ಕೊಂಡಿದ್ದೆ. ಊರಿನ ನಂಬಿಕೆಯನ್ನು ತಂದೆ, ಅದನ್ನು ಅಳೆಯುವ ಬುದ್ಧಿಯನ್ನು ತರಲಿಲ್ಲ. ಮಾಡಿದ್ದುಣ್ಣೋ ಮಹರಾಯ.

ಆಲ್ಬರಿಯ ಕ್ಯಾರವಾನ್ ಪಾರ್ಕಿನಲ್ಲಿ ತಂಗಿ, ಶನಿವಾರ ಮಧ್ಯಾಹ್ನ ಟೂಂಗ್ಯಾಬಿ ಸೇರಿದೆವು. ದಾರಿಯುದ್ದಕ್ಕೂ ವತ್ಸಲಾ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬಸ್ಸು ನಿಲ್ಲಿಸಿದ ಮೇಲೆ ಮನೆಯೊಳಗಿನಿಂದ ಚಾಮುಂಡೇಶ್ವರಿಯ ಪಟವನ್ನೂ ಒಂದು ಹೊಸ ಮೊಳೆಯನ್ನೂ ತಂದಳು. ನಾನೇ ಸುತ್ತಿಗೆ ಹಿಡಿದು ಹೊಡೆದೆ. ತಗಡು ತಗ್ಗಿತು, ಮೊಳೆ ಬಾಗಿತು. ಇನ್ನೊಮ್ಮೆ ಹೊಡೆದೆ, ಕೆಳಗೆ ಬಿತ್ತು.

ಅವಳು ಪಟವನ್ನು ಸೀರೆಯ ಸೆರಗಿನಿಂದ ಒರೆಸಿ, ಮತ್ತೆ ಸೂಟ್‌ಕೇಸಿನಲ್ಲಿಟ್ಟಳು.

"ಮೊಳೆ ಕಿತ್ಕೊಂಡಾದ್ರೂ ಬರ್ಬೇಕಿತ್ತು ರೀ" ಎಂದಳು. "ಅದೊಂದು ನಂದಾಗಿತ್ತು."