ಕತ್ತರಿ ಮೇಡಂ

ಅಕ್ಕನದು ಕಲ್ಲುಮನಸ್ಸು, ಒಮ್ಮೆ ಕೈಬಿಟ್ಟದ್ದನ್ನು ಆಕೆ ಮತ್ತೆ ಮುಟ್ಟಿದವಳಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಾಗ ಹುಡುಗರು ಆಕೆಗೆ ಕತ್ತರಿ ಮೇಡಂ ಎಂದು ಹೆಸರಿಟ್ಟಿದ್ದರು. ಅಂಕ ಕತ್ತರಿಸುತ್ತಿದ್ದಳು, ಮಾತು ಕತ್ತರಿಸುತ್ತಿದ್ದಳು. ಗಂಡ ಬೇರೆ ಸಂಸಾರ ಹೂಡಿದನೆಂದು ತಿಳಿದ ದಿನ ಅವನು ಬಿಟ್ಟುಹೋದ ಅಂಗಿಗಳನ್ನೂ ಕತ್ತರಿಸಿ ಪ್ರಯೋಗಾಲಯದ ಮೇಜು ಒರೆಸುವ ಬಟ್ಟೆ ಮಾಡಿದಳು. ಒಳ್ಳೆಯ ಹತ್ತಿ, ಬಹಳ ವರ್ಷ ಬಾಳಿಕೆ ಬಂತು.

ಆಗ ಹೊಟ್ಟೆಯಲ್ಲಿದ್ದ ಮಗುವನ್ನು ಹೆತ್ತು, ಮಕ್ಕಳಿಲ್ಲದ ತಂಗಿಯ ಮಡಿಲಿಗೆ ಹಾಕಿ, ಮೈಯಲ್ಲಿ ತ್ರಾಣ ಬಂದ ಕೂಡಲೇ ಕೆಲಸಕ್ಕೆ ಮರಳಿದಳು. ಯಾರೂ ಕೇಳಿರಲಿಲ್ಲ, ತಾನೇ ಕೊಟ್ಟಳು. ಮಗುವಿಗೆ ಎಂದೂ ಹೇಳಕೂಡದು ಎಂಬ ಷರತ್ತೂ ಆಕೆಯದೇ. ಹೆರಿಗೆ ಬೇರೆ ಊರಿನಲ್ಲಿ ಆದದ್ದರಿಂದ ಗುಟ್ಟು ಗುಟ್ಟಾಗಿಯೇ ಉಳಿಯಿತು. ವಿಷಯ ಗೊತ್ತಿದ್ದ ಸೋದರತ್ತೆಯೊಬ್ಬಳು, "ಬೆಕ್ಕೂ ತನ್ನ ಮರಿ ಕಚ್ಚಿಕೊಂಡು ಏಳು ಮನೆ ತಿರುಗುತ್ತೆ. ಇವಳು ಬೆಕ್ಕಿಗಿಂತ ಕಡೆ" ಎಂದಿದ್ದಳು. 

ಕಾಲ ಸರಿದು ಅಕ್ಕ ನಿವೃತ್ತಳಾದಳು, ತಂಗಿ ಗಂಡನನ್ನು ಕಳೆದುಕೊಂಡಳು. ಇಬ್ಬರೂ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮನೆಯಲ್ಲಿ ಒಟ್ಟಿಗಿದ್ದರು. ಅಡುಗೆಮನೆ, ನಡುಮನೆ ತಂಗಿಯ ರಾಜ್ಯ. ಹಿಂದಿನ ಕೋಣೆ ಅಕ್ಕನದು: ಕಾಲೇಜು ಹರಾಜಿಗಿಟ್ಟಾಗ ಕೊಂಡ ಮೈಕ್ರೋಸ್ಕೋಪು, ಗಾಜಿನ ಸೂಜಿಯನ್ನು ಕೂದಲೆಳೆಯಷ್ಟೇ ಸರಿಸುವ ಒಂದು ಯಂತ್ರ, ಹುಲ್ಲು ಕುದಿಸಿ ಸೋಸಿದ ನೀರಿನ ಬಾಟಲಿಗಳು, ಕಿಟಕಿಗೆ ಕಪ್ಪು ಬಟ್ಟೆ.

ಮದುವೆಯಾಗಿ ಅದೇ ಊರಿನಲ್ಲಿದ್ದ ಮಗಳು ಭಾನುವಾರ ತಪ್ಪದೆ ಬರುವಳು. ಮೆಟ್ಟಿಲಿನಿಂದಲೇ, "ಅಮ್ಮಾ, ಹಸಿವು ಕಣೇ, ಏನಾದ್ರೂ ಹಾಕು" ಎಂದು ತಂಗಿಯನ್ನು ಕೂಗುವಳು. ತಿಂದು ಕೈತೊಳೆದ ಮೇಲೆ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು, "ಏನ್ ದೊಡ್ಡಮ್ಮ, ಹೇಗಿದಾರೆ ನಿಮ್ಮ ಮಕ್ಕಳು?" ಎನ್ನುವಳು. ಬಾಟಲಿಯ ಜೀವಿಗಳ ಬಗ್ಗೆ ಅವಳ ತಮಾಷೆ ಅದು.

"ಹೊಟ್ಟೆಗಿಲ್ಲದೆ ಇದಾವೆ."

"ಪಾಪ! ನಿಮ್ಮ ಹೊಟ್ಟೇಲಿ ಹುಟ್ಟಿದ್ದಿದ್ರೆ ನಂಗೂ ಇದೇ ಗತಿ ಆಗ್ತಿತ್ತು ನೋಡಿ."

ಅಕ್ಕ ಮಸೂರದಿಂದ ಕಣ್ಣೆತ್ತುತ್ತಿರಲಿಲ್ಲ. ಅಮ್ಮ ಎನ್ನಿಸಿಕೊಳ್ಳುವ ಆಸೆ ಮೊದಲೆಲ್ಲ ದೊಡ್ಡದಾಗಿತ್ತು. ವಯಸ್ಸಾದಂತೆ ಅದು ಸಣ್ಣದಾಗಿ ಹರಿತವಾಗಿತ್ತು. ಹಸಿವು ಕಣೇ ಎಂದು ಆ ಹುಡುಗಿ ಒಂದೇ ಒಂದು ಸಲ ತನ್ನನ್ನು ಕೂಗಬೇಕು. ಅಡುಗೆಮನೆಯಿಂದ ಅವರಿಬ್ಬರ ಜಗಳ ಕೇಳಿಬಂದಾಗ ಆಕೆ ಸೂಜಿಯನ್ನು ಪಕ್ಕಕ್ಕೆ ಸರಿಸುತ್ತಿದ್ದಳು. ಕೈ ನಡುಗಿದರೆ ಗಾಜು ಮುರಿಯುತ್ತದೆ.

ಬಾಟಲಿಯಲ್ಲಿದ್ದದ್ದು ಪ್ಯಾರಮೀಸಿಯಂ, ಶಾಲೆಯ ಪುಸ್ತಕದಲ್ಲಿ ಚಪ್ಪಲಿಯಂತೆ ಕಾಣುವ, ಮೈತುಂಬ ರೋಮವಿರುವ ಒಂದೇ ಕೋಶದ ಜೀವಿ. ಅದಕ್ಕೆ ಎರಡು ಬಗೆಯ ಕೋಶಕೇಂದ್ರಗಳು. ಚಿಕ್ಕದು ಅಟ್ಟದ ಮೇಲಿನ ಪೆಟ್ಟಿಗೆಯಿದ್ದಂತೆ. ಹಿರಿಯರಿಂದ ಬಂದ ಡಿಎನ್‌ಎ ಎಲ್ಲವೂ ಇದ್ದದ್ದು ಇದ್ದ ಹಾಗೆ ಅದರಲ್ಲಿರುತ್ತದೆ, ಆದರೆ ದಿನದ ಬದುಕಿನಲ್ಲಿ ಅದು ಬಾಯಿ ಹಾಕುವುದಿಲ್ಲ. ತಿನ್ನಿಸುವುದು, ಈಜಿಸುವುದು, ಸಂಸಾರ ತೂಗಿಸುವುದು ಎಲ್ಲ ದೊಡ್ಡ ಕೇಂದ್ರದ ಕೆಲಸ. ಹೊಟ್ಟೆಗಿಲ್ಲದಾಗ ಈ ಜೀವಿ ಹೊಸ ತಲೆಮಾರಿಗೆ ಸಿದ್ಧವಾಗುತ್ತದೆ. ಹಳೆಯ ದೊಡ್ಡ ಕೇಂದ್ರ ಚೂರುಚೂರಾಗಿ ಕರಗತೊಡಗುತ್ತದೆ. ಚಿಕ್ಕದರಿಂದ ಹೊಸ ದೊಡ್ಡ ಕೇಂದ್ರ ರೂಪುಗೊಳ್ಳುತ್ತದೆ. ಆಗ ಕತ್ತರಿಯಾಡುತ್ತದೆ. ಡಿಎನ್‌ಎಯ ಸಾವಿರಾರು ತುಣುಕುಗಳು ಕತ್ತರಿಸಿ ಹೋಗಿ, ಉಳಿದ ತುದಿಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಯಾವುದನ್ನು ಎಸೆಯಬೇಕು, ಯಾವುದನ್ನು ಇಟ್ಟುಕೊಳ್ಳಬೇಕು? ಹಳೆಯ ದೊಡ್ಡ ಕೇಂದ್ರ ಹೋಗುವ ಮೊದಲು ತನ್ನಲ್ಲಿ ಏನೇನಿತ್ತೆಂದು ತಿಳಿಸಿ ಹೋಗುತ್ತದೆ. ಅದರಲ್ಲಿ ಇಲ್ಲದಿದ್ದುದನ್ನು ಹೊಸದೂ ಕತ್ತರಿಸಿ ಹಾಕುತ್ತದೆ, ಪೆಟ್ಟಿಗೆಯಲ್ಲಿ ಅದು ಇಡಿಯಾಗಿ ಕೂತಿದ್ದರೂ. "ಅತ್ತೆಯ ಅಡುಗೆಮನೇಲಿ ಇಲ್ಲದ ಪಾತ್ರೆ ಸೊಸೆಗೂ ಬೇಡ, ಅಟ್ಟದ ಮೇಲೆ ಎಷ್ಟೇ ಇರಲಿ" ಎಂದು ಅಕ್ಕ ಪಾಠ ಮಾಡುತ್ತಿದ್ದಳು. ಹುಡುಗಿಯರು ನಗುತ್ತಿದ್ದರು, ಆಕೆ ನಗುತ್ತಿರಲಿಲ್ಲ.

ಅಕ್ಕನ ಬಳಿಯಿದ್ದ ತಳಿಯಲ್ಲಿ ಒಂದು ಜೀನ್ ಹೀಗೆಯೇ ತಲೆಮಾರುಗಟ್ಟಲೆ ಕಳೆದುಹೋಗುತ್ತ ಬಂದಿತ್ತು. ಹಳೆಯ ದೊಡ್ಡ ಕೇಂದ್ರಕ್ಕೆ ಆ ಜೀನಿನ ಪ್ರತಿಗಳನ್ನು ಸೂಜಿಯಿಂದ ಸೇರಿಸಿದರೆ ಮುಂದಿನದು ಅದನ್ನು ಉಳಿಸಿಕೊಳ್ಳುತ್ತದೆ. ಬೇರೆಯವರು ಇದನ್ನು ಎಂದೋ ಮಾಡಿ ತೋರಿಸಿದ್ದರು. ಅಕ್ಕನಿಗೆ ತನ್ನ ಕೈಯಾರೆ ಒಮ್ಮೆ ಮಾಡಿ ನೋಡಬೇಕಿತ್ತು. ಕಣ್ಣು ಮಂಜಾಗುವ ಮೊದಲು.

ಸೂಜಿ ಹಾಕಿದ ಜೀವಿಗಳನ್ನು ಬರಿಯ ನೀರಿನಲ್ಲಿ ಹಸಿವಿಗೆ ಬಿಟ್ಟಿದ್ದಾಗ ತಂಗಿಗೆ ಕರುಳು ಚುರುಕ್ಕೆಂದಿತು. ಅಕ್ಕ ಹೊರಗೆ ಹೋದ ಸಮಯ ನೋಡಿ ಒಂದೊಂದು ಚಮಚ ಹುಲ್ಲುನೀರು ಹಾಕಿದಳು. ಹೊಟ್ಟೆ ತುಂಬಿದವು ಹೊಸ ತಲೆಮಾರಿಗೆ ಹೊರಳದೆ ಹಳೆಯ ಸಂಸಾರದಲ್ಲೇ ಸುಖವಾಗಿ ಉಳಿದವು.

"ನಿನ್ನ ಕರುಣೆಗಿಷ್ಟು ಬೆಂಕಿ ಹಾಕ" ಎಂದಳು ಅಕ್ಕ.

"ನಂಗೇನು ಗೊತ್ತೇ? ಉಪವಾಸ ಬಿದ್ರೆ ಉದ್ಧಾರ ಆಗೋ ಪ್ರಾಣೀನ ನಾನೆಲ್ಲಿ ನೋಡಿದೀನಿ?"

ಅಕ್ಕ ಎಲ್ಲವನ್ನೂ ಮೊದಲಿನಿಂದ ಶುರುಮಾಡಿದಳು.

ಆ ವರ್ಷವೇ ಮಗಳು ಬಸುರಿಯಾದಳು. ಕೆಲವು ತಿಂಗಳಲ್ಲಿ ಅವಳ ರಕ್ತದೊತ್ತಡ ಏರಿತು. ಒಂದು ಶನಿವಾರ ಆಸ್ಪತ್ರೆಯಿಂದ ತಂಗಿಗೆ ಫೋನು ಮಾಡಿದಳು: "ಅಮ್ಮಾ, ನಾನು ಹುಟ್ಟೋವಾಗ ನಿಂಗೂ ಹೀಗೇ ಬಿಪಿ ಬಂದಿತ್ತಾ ಅಂತ ಡಾಕ್ಟರು ಕೇಳ್ತಿದಾರೆ. ತಾಯಿಗಿದ್ರೆ ಮಗಳಿಗೂ ಬರಬಹುದಂತೆ. ನಾಳೆ ಬರ್ತೀನಿ, ಎಲ್ಲ ನೆನಪು ಮಾಡ್ಕೊಂಡಿರು."

ಎಂದೂ ಹೆರದ ತಂಗಿ ಫೋನು ಹಿಡಿದುಕೊಂಡೇ ಹಿಂದಿನ ಕೋಣೆಗೆ ಬಂದು ನೆಲದ ಮೇಲೆ ಕುಸಿದಳು.

"ಏನೂ ಆಗಿರ್ಲಿಲ್ಲ ಅಂದ್ರೆ ಮಗೂ ಜೀವಕ್ಕೇ ಕುತ್ತು. ಆಗಿತ್ತು ಅಂದ್ರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳ್ತೀನಿ. ನೀನೇ ಹೇಳಿಬಿಡು ಅಕ್ಕಾ. ಹೆತ್ತೋಳು ನೀನು." ಆಮೇಲೆ ದನಿ ತಗ್ಗಿಸಿ, "ನನ್ನನ್ನ ಇನ್ನು ಏನಂತ ಕರೀತಾಳೋ" ಎಂದಳು.

ಅಕ್ಕ ಇಷ್ಟು ವರ್ಷ ಬಯಸಿದ್ದು ತಾನಾಗಿ ಬಂದು ಬಾಗಿಲು ತಟ್ಟಿತ್ತು. ಷರತ್ತು ಮುರಿದಳೆಂದು ಯಾರೂ ಬೆರಳು ತೋರಿಸುವಂತಿರಲಿಲ್ಲ. ಕೇಳಿದವರು ಡಾಕ್ಟರು, ಹೇಳು ಎಂದವಳು ತಂಗಿ. ನಾಳೆ ಒಂದು ಮಾತು ಆಡಿದರೆ ಸಾಕಿತ್ತು. ತಂಗಿ ಸೆರಗಿನ ತುದಿಯನ್ನು ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಅಕ್ಕ ಮೈಕ್ರೋಸ್ಕೋಪಿನ ದೀಪ ಆರಿಸಿ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದಳು.

"ಏಳನೇ ತಿಂಗಳಲ್ಲಿ ಕಾಲು ಊದಿತ್ತು. ಹೇಳು."

"ಏಳನೇ ತಿಂಗಳಲ್ಲಿ ನಿಂಗೆ ಕಾಲು..."

"ನಂಗೆ ಅನ್ನು."

"ಅಕ್ಕಾ!"

"ನಂಗೆ ಅನ್ನೇ. ಆಮೇಲೆ ತಲೆನೋವು, ಕಣ್ಣು ಮಂಜು. ಹೆರಿಗೆ ಬೇಗ ಆಯ್ತು. ಫಿಟ್ಸ್ ಬಂದದ್ದು ಹೆರಿಗೆ ಆದಮೇಲೆ, ಮೊದಲಲ್ಲ. ಇದನ್ನ ಮರೀಬೇಡ, ಡಾಕ್ಟರಿಗೆ ಇದೇ ಮುಖ್ಯ."

ಕಾಲೇಜಿನ ಮೌಖಿಕ ಪರೀಕ್ಷೆಯಲ್ಲಿ ಕೇಳುತ್ತಿದ್ದಂತೆ ಹಿಂದು ಮುಂದಾಗಿ, ಅಡ್ಡಡ್ಡವಾಗಿ ಕೇಳಿದಳು. ತಂಗಿ ಬೆವರಿದಳು, ಅತ್ತಳು, ತಪ್ಪಿದಳು, ಕಲಿತಳು.

"ಎಚ್ಚರ ಬಂದಾಗ ಮೊದಲು ಏನು ಕೇಳಿದೆ?"

"ಗೊತ್ತಿಲ್ಲ ಅಕ್ಕಾ, ಅದನ್ನ ನೀನು ಹೇಳೇ ಇಲ್ಲ."

"ಬಿಡು, ಅದನ್ನ ಡಾಕ್ಟರು ಕೇಳಲ್ಲ" ಎಂದು ಅಕ್ಕ ಎದ್ದು ಕೈ ತೊಳೆಯಲು ಹೋದಳು.

ಮರುದಿನ ಹಿಂದಿನ ಕೋಣೆಯ ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ತಂಗಿ ಒಂದೂ ತಪ್ಪದೆ ಹೇಳಿದಳು: ನಂಗೆ ಕಾಲು ಊದಿತ್ತು, ನಂಗೆ ಕಣ್ಣು ಮಂಜಾಯ್ತು, ನಂಗೆ ಫಿಟ್ಸ್ ಬಂತು. ಮಗಳು ಎಲ್ಲವನ್ನೂ ಡಾಕ್ಟರಿಗೆಂದು ಬರೆದುಕೊಂಡಳು. ಆಮೇಲೆ ತಂಗಿಯ ಕೊರಳು ತಬ್ಬಿ, "ಇಷ್ಟೆಲ್ಲ ಪಟ್ಟು ಒಂದಿನಾನೂ ಬಾಯಿ ಬಿಡ್ಲಿಲ್ವಲ್ಲೇ ಅಮ್ಮ" ಎಂದಳು. ಒಳಗೆ ಅಕ್ಕ ಮಸೂರಕ್ಕೆ ಕಣ್ಣಿಟ್ಟೇ ಇದ್ದಳು. ದೀಪ ಹಚ್ಚಿರಲಿಲ್ಲ.

"ನಾನು ಹೇಗಿದ್ದೆ, ಹುಟ್ಟಿದಾಗ?"

ಇದು ಪರೀಕ್ಷೆಯಲ್ಲಿ ಇರಲಿಲ್ಲ. ತಂಗಿ ತನ್ನ ಕಣ್ಣಾರೆ ಕಂಡದ್ದನ್ನೇ ಹೇಳಿದಳು.

"ಇಲಿಮರಿ ಹಾಗಿದ್ದೆ. ಒಂದು ಕಿವಿ ಮಡಚಿ ಕೆನ್ನೆಗೆ ಅಂಟ್ಕೊಂಡಿತ್ತು. ನಂಗಂತೂ ಮುಟ್ಟೋಕೇ ಭಯ. ಆಸ್ಪತ್ರೇಲಿ ಇದ್ದಷ್ಟು ಹೊತ್ತೂ ನಿನ್ನ ದೊಡ್ಡಮ್ಮ ಬೆರಳಲ್ಲಿ ತೀಡಿ ತೀಡಿ ನೆಟ್ಟಗೆ ಮಾಡಿದ್ಳು."

"ಯಾರು, ದೊಡ್ಡಮ್ಮಾನಾ?" ಮಗಳು ನಕ್ಕುಬಿಟ್ಟಳು. ತನ್ನ ಕಿವಿಗಳನ್ನು ಎರಡೂ ಕೈಯಲ್ಲಿ ಹಿಡಿದು ಒಳಗಿನ ಕಡೆಗೆ ಕೂಗಿದಳು: "ದೊಡ್ಡಮ್ಮ, ನಿಜಾನಾ? ಯಾವ ಕಿವಿ?"

ಒಳಗೆ ಕುರ್ಚಿ ಸರಿದ ಸದ್ದಾಯಿತು. ಅಕ್ಕ ಬಂದು ಮಗಳ ಬೆನ್ನ ಹಿಂದೆ ನಿಂತಳು, ಅವಳ ಕೈ ಬಿಡಿಸಿದಳು, ಕೂದಲು ಸರಿಸಿದಳು. ಬಲಗಿವಿಯ ಅಂಚನ್ನು ಮೇಲಿನಿಂದ ಕೆಳತುದಿಯವರೆಗೆ ಹೆಬ್ಬೆರಳಲ್ಲಿ ನಿಧಾನವಾಗಿ ತೀಡಿದಳು.

"ಇದು" ಎಂದಳು.