ಪುಟ್ಟಲಕ್ಷ್ಮಿ ಎದ್ದು ನಿಂತರೆ

ವಡಾಲದ ಚಾಳಿನ ಮೂರನೇ ಮಹಡಿಯ ತುದಿಯ ಒಂಟಿಕೋಣೆಯ ಖೋಲಿ ಪುಟ್ಟಲಕ್ಷ್ಮಿಯದು. ಬಾಗಿಲ ಹೊರಗೆ, ಎಲ್ಲರೂ ಓಡಾಡುವ ಪ್ಯಾಸೇಜಿನಲ್ಲಿ, ಅವಳ ರುಬ್ಬುವ ಕಲ್ಲು. ಗಂಡ ಹೋದ ಮೇಲೆ ಅವಳ ಹೊಟ್ಟೆ ತುಂಬಿಸಿದ್ದು ಆ ಕಲ್ಲೇ. ಬೆಳಗಿನ ಜಾವ ದೋಸೆಹಿಟ್ಟು ರುಬ್ಬಿ ಮನೆಮನೆಗೆ ಕೊಡುತ್ತಿದ್ದಳು. ಕಲ್ಲನ್ನು ಒಳಗಿಟ್ಟರೆ ಅವಳು ಹೊರಗೆ ಮಲಗಬೇಕು, ಖೋಲಿ ಅಷ್ಟು ಚಿಕ್ಕದು.

ಆ ಸದ್ದಿಗೆ ನಿದ್ದೆ ಕೆಡುತ್ತದೆಂದು ಎಲ್ಲರಿಗೂ ಸಿಟ್ಟು. ಎದುರಿಗೆ ಹೇಳುವ ಧೈರ್ಯ ಮಾತ್ರ ಯಾರಿಗೂ ಇಲ್ಲ. ಅವಳು ಬಾಯಿ ತೆರೆದರೆ ಎದುರು ಬಿಲ್ಡಿಂಗಿನ ಪಾರಿವಾಳಗಳೂ ಜಾಗ ಬಿಡುತ್ತಿದ್ದವು.

ಟೀವಿಯಲ್ಲಿ ಲೋಕಸಭೆಯನ್ನು ತೋರಿಸಲು ಶುರುಮಾಡಿದ ಕಾಲ. ಪಕ್ಕದ ಖೋಲಿಯ ಸತ್ಯಮೂರ್ತಿಗೆ ಒಂದು ಉಪಾಯ ಹೊಳೆಯಿತು. ಅವನು ಹೆಡ್ ಕ್ಲಾರ್ಕ್, ಕಾಯಿದೆ ಬಿಟ್ಟು ಸೀನುವವನೂ ಅಲ್ಲ. ಭಾನುವಾರ ಪ್ಯಾಸೇಜಿನಲ್ಲಿ ಚಾಪೆ ಹಾಸಿ ಸಭೆ ಕರೆದ.

"ಪುಟ್ಟಲಕ್ಷ್ಮಮ್ಮನೋರೇ, ನೀವೇ ನಮ್ಮ ಸ್ಪೀಕರು" ಎಂದು ತನ್ನ ಬೆತ್ತದ ಕುರ್ಚಿ ತಂದಿಟ್ಟ.

ಅವಳು ಸೆರಗು ಸರಿಮಾಡಿಕೊಂಡು ಕೂತಳು. ಅದುವರೆಗೆ ಯಾರೂ ಅವಳನ್ನು ಕರೆದು ಕುರ್ಚಿ ಕೊಟ್ಟಿರಲಿಲ್ಲ.

ಕೂತ ಮೇಲೆ ವಿಷಯ ಹೊರಬಿತ್ತು: ಕಲ್ಲು ತೆಗೆಸುವುದು. ಹಮಾಲಿ ಅಂಗಾರ ಆಗಲೇ ಹಗ್ಗ ಹಿಡಿದು ಮೆಟ್ಟಿಲ ಬಳಿ ನಿಂತಿದ್ದ.

"ಏನಂದ್ರಿ?" ಎಂದು ಪುಟ್ಟಲಕ್ಷ್ಮಿ ಸತ್ಯಮೂರ್ತಿಯ ಕಡೆ ತಿರುಗಿದಳು.

"ಸ್ಪೀಕರು ಚರ್ಚೆಗೆ ಸೇರೋ ಹಾಗಿಲ್ಲಮ್ಮ, ಡೆಲ್ಲೀಲೂ ಹಾಗೇ. ಓಟೂ ಇಲ್ಲ, ಎರಡು ಕಡೇನೂ ಸಮ ಆದ್ರೆ ಮಾತ್ರ."

ಹೋಟೆಲಿನ ರಮಾನಾಥ ಎದ್ದ. "ಎಂಥ ಹೇಳುದು ಮಾರಾಯ್ರೆ, ಹೋಟ್ಲು ಮುಚ್ಚಿ ಬಂದು ಕಣ್ಣು ಮುಚ್ಚುವಷ್ಟರಲ್ಲಿ ಗುಡುಗುಡು!"

"ನಮ್ಮನೆ ಮಿಕ್ಸರು ಹೀಗೆ ಕಿರುಚಲ್ಲಪ್ಪ" ಎಂದಳು ಸತ್ಯಮೂರ್ತಿಯ ಹೆಂಡತಿ ಅಲಮೇಲು.

ನಾಲಿಗೆಗೆ ಬಂದದ್ದನ್ನೆಲ್ಲ ನುಂಗಿ ನುಂಗಿ ಪುಟ್ಟಲಕ್ಷ್ಮಿಗೆ ಬಿಕ್ಕಳಿಕೆ ಹತ್ತಿತು.

"ರೀ, ಬಿಕ್ಕೋದು ಚರ್ಚೆ ಅಲ್ವಾ?" ಎಂದು ಅಲಮೇಲು ಗಂಡನನ್ನು ಕೇಳಿದಳು.

ಸತ್ಯಮೂರ್ತಿ ಯೋಚಿಸಿದ. "ಅಲ್ಲ. ಬಿಕ್ಕಬಹುದು."

ಓಟಿಗೆ ಕೈ ಎತ್ತಿಸಲು ಅವನು ಎದ್ದು ನಿಂತ. ಅಷ್ಟರಲ್ಲಿ ಪುಟ್ಟಲಕ್ಷ್ಮಿ ನೀರು ಕುಡಿಯಲೆಂದು ಎದ್ದಳು. ಸತ್ಯಮೂರ್ತಿ ದೊಪ್ಪನೆ ಕೂತ. "ಕೂತ್ಕೊಳ್ಳಿ, ಎಲ್ಲಾ ಕೂತ್ಕೊಳ್ಳಿ! ಸ್ಪೀಕರು ಎದ್ರೆ ಯಾರೂ ನಿಲ್ಲೋ ಹಾಗಿಲ್ಲ, ಮಾತಾಡೋ ಹಾಗಿಲ್ಲ!"

ಎಲ್ಲರೂ ಕೂತರು. ಅಂಗಾರನೂ ಹಗ್ಗ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತ.

ಪುಟ್ಟಲಕ್ಷ್ಮಿ ಒಂದು ಕಡೆಯಿಂದ ಎಲ್ಲರ ನೆತ್ತಿಗಳನ್ನೂ ನೋಡಿದಳು. ಬಿಕ್ಕಳಿಕೆ ನಿಂತಿತು. ಅವಳು ಕೂರಲಿಲ್ಲ.

ಯಾರದೋ ಹಾಲು ಉಕ್ಕಿತು. ಅಲಮೇಲುವಿನ ಅನ್ನ ಸೀದ ವಾಸನೆ ಬಂತು.

"ಸಭೆ ಮುಗಿಸಿ ಮಾರಾಯ್ರೆ" ಎಂದು ರಮಾನಾಥ ಪಿಸುಗುಟ್ಟಿದ.

"ಸ್ಪೀಕರೇ ಮುಗಿಸ್ಬೇಕು."

"ಹಾಗಾದ್ರೆ ಕೇಳಿ ಅವರತ್ರ."

"ಕೇಳೋಕೆ ಎದ್ದು ನಿಲ್ಬೇಕಲ್ರೀ!"

ಮಂಡಿ ನೋಯುವವರೆಗೆ ನಿಂತು ಅವಳು ಹೇಳಿದಳು: "ಸಭೆ ನಾಳೆಗೆ." ಎಲ್ಲರೂ ಒಲೆಗಳ ಕಡೆ ಓಡಿದರು.

ಮರುದಿನ ಒಂದು ತೊಡಕು ಎದುರಾಯಿತು: ರುಬ್ಬಬೇಕಾದರೆ ಕೂರಬೇಕು, ಕೂತರೆ ಅವರು ಎದ್ದು ಕಲ್ಲಿನ ಮಾತು ತೆಗೆಯುತ್ತಾರೆ. ಅವಳು ಕಲ್ಲಿನ ಪಕ್ಕ ಮೊದಲು ನೆಟ್ಟಗೆ ನಿಂತಳು. ಕಣ್ಣುಜ್ಜಿಕೊಂಡು ಹೊರಗೆ ಬಂದವರು ಬಂದ ಹಾಗೆ ಕೂತರು. "ನಾಳೆಗೆ" ಎಂದು ಸಭೆ ಮುಂದೂಡಿ, ಆಮೇಲೆ ತಾನು ಕೂತು ರುಬ್ಬತೊಡಗಿದಳು. ಅಂದಿನಿಂದ ದಿನವೂ ಹೀಗೇ ನಡೆಯಿತು. ಅಂಗಾರ ಒಂದು ವಾರ ಕಾದು, ಹಗ್ಗ ಎತ್ತಿಕೊಂಡು ಹೋದ.

ಮಳೆಗಾಲದಲ್ಲಿ ಅಲಮೇಲುವಿನ ಮಿಕ್ಸರು ಸುಟ್ಟುಹೋಯಿತು. ಹಿಟ್ಟು ಕೇಳಲು ಪಾತ್ರೆ ಹಿಡಿದು ಬಂದಳು. ಪುಟ್ಟಲಕ್ಷ್ಮಿ ನಿಂತಿದ್ದಳು. ಅಲಮೇಲು ಪಾತ್ರೆ ಸಮೇತ ನೆಲದ ಮೇಲೆ ಕೂತಳು.

"ನಾಳೆಗೆ" ಎಂದು ಹೇಳಿ ಪುಟ್ಟಲಕ್ಷ್ಮಿ ಬಗ್ಗಿ ಪಾತ್ರೆ ತೆಗೆದುಕೊಂಡಳು.